ಸಾಹುಕಾರರ ಸೋಫಾ

ನನ್ನ ಬಾಯಿಗೆ ಒಂದು ಕೆಟ್ಟ ಚಟವಿತ್ತು. ಬೀಡಿ ಅಲ್ಲ, ಗುಟ್ಕಾ ಅಲ್ಲ, ಮೈಕು. ಅದು ಕೈಗೆ ಸಿಕ್ಕರೆ ಹಸಿವೆ ನೀರಡಿಕೆ ಮರೆಯುತ್ತಿದ್ದೆ. ಸಿಗದಿದ್ದರೆ ಮೈಕಿಲ್ಲದೆಯೇ ಶುರು ಮಾಡುತ್ತಿದ್ದೆ. ಕುಷ್ಟಗಿಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರನಾಗಿದ್ದು ನಿವೃತ್ತನಾದವನು ನಾನು. ಸುತ್ತಲಿನ ಊರುಗಳಲ್ಲಿ ಎಲ್ಲಿ ಕಬಡ್ಡಿ ನಡೆದರೂ ವೀಕ್ಷಕ ವಿವರಣೆ ನನ್ನದೇ. ಮನೆಯಲ್ಲೂ ಅದೇ ದನಿ. ಹೆಂಡತಿ ರೊಟ್ಟಿ ಬಡಿಯುತ್ತಿದ್ದರೆ, "ಇದೀಗ ಎರಡನೆಯ ರೊಟ್ಟಿ ಹಂಚಿನ ಮೇಲೆ, ಪ್ರೇಕ್ಷಕರು ತುದಿಗಾಲಲ್ಲಿ!" ಎಂದು ಬಾಯಿ ತಾನಾಗಿಯೇ ಹೊರಡುತ್ತಿತ್ತು. "ನೀವು ಸತ್ತ ಮ್ಯಾಲೂ ಒಂದು ತಾಸು ಮಾತಾಡ್ತೀರಿ ನೋಡ್ರಿ," ಎನ್ನುತ್ತಿದ್ದಳು ಅವಳು. ಸಾವಿನ ಮನೆಗೆ ಹೊರಟರಂತೂ ಬಾಗಿಲತನಕ ಬಂದು, "ಅಲ್ಲಿ ಬಾಯಿ ಮುಚ್ಕೊಂಡು ಕೂಡ್ರಿ," ಎಂದು ತಾಕೀತು ಮಾಡಿ ಕಳಿಸುತ್ತಿದ್ದಳು. ಇಂಥ ನನ್ನನ್ನು, ಮಾತೇ ನಿಂತುಹೋಗಿದ್ದ ಒಬ್ಬ ಮನುಷ್ಯ ಹೇಗೆ ಸೋಲಿಸಿದ ಎಂಬುದನ್ನು ಹೇಳಬೇಕಾಗಿದೆ.

ಈರಣ್ಣ ಸಾಹುಕಾರರು ನಮ್ಮ ಕಡೆಯ ದೊಡ್ಡ ಕುಳ. ಪ್ರಾಯದಲ್ಲಿ ಇನ್ನೊಬ್ಬರ ಟ್ರ್ಯಾಕ್ಟರ್ ಹೊಡೆದು ಕಲ್ಲಿನ ಕ್ವಾರಿಯಿಂದ ಕಲ್ಲು ಸಾಗಿಸುತ್ತಿದ್ದವರು, ಆಮೇಲೆ ಕ್ವಾರಿಯನ್ನೇ ಹಿಡಿದರು. ಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆ ಬಂತು, ಪೆಟ್ರೋಲ್ ಬಂಕ್ ಬಂತು, ಗಂಗಾವತಿಯಲ್ಲೊಂದು ಅಕ್ಕಿ ಗಿರಣಿ ಬಂತು, ಊರ ಹೊರಗೆ ದಾಳಿಂಬೆ ತೋಟ ಬಂತು. ಇಷ್ಟೆಲ್ಲ ಬಂದ ಮೇಲೂ ಅವರಿಗೆ ಸಾಲಿಯಲ್ಲಿದ್ದಾಗಿನ ಒಂದು ನೋವು ಹೋಗಿರಲಿಲ್ಲ. ಆಗ ಅವರನ್ನು ಯಾರೂ ಕಬಡ್ಡಿಗೆ ಸೇರಿಸಿಕೊಳ್ಳುತ್ತಿರಲಿಲ್ಲವಂತೆ. ಉಳಿದ ಹುಡುಗರು ಅಂಗಿ ಕಳಚಿ ಆಟಕ್ಕಿಳಿದರೆ ಇವರು ಗೆರೆಯಾಚೆ ಅಂಗಿಗಳ ರಾಶಿ ಕಾಯುತ್ತ ಕೂಡಬೇಕು. "ಅಂಗಿ ಕಾಯೋ ಈರ್ಯಾ ಅಂತಿದ್ರು ಮಾಸ್ತರ," ಎಂದು ನನ್ನ ಮುಂದೆ ಒಮ್ಮೆ ಹೇಳಿದ್ದರು. ಹೇಳುವಾಗ ನಗುತ್ತಿದ್ದರು, ಆದರೆ ಅದು ನಗುವಂಥ ನಗುವಾಗಿರಲಿಲ್ಲ.

ರೊಕ್ಕ ಬಂದ ಕೂಡಲೇ ಕಬಡ್ಡಿ ತಂಡ ಮಾಡಿದರು. ಹಿಂದೆಯೇ ಕ್ರಿಕೆಟ್ ತಂಡ, ಆಮೇಲೆ ವಾಲಿಬಾಲ್. ಯಲಬುರ್ಗಾ ಕಡೆಯ ಹಳ್ಳಿಗಳಿಗೆ ಹೋಗಿ, ಸಂತೆಯಲ್ಲಿ ಎತ್ತು ನೋಡುವಂತೆ ಪೋರರ ಮೀನಖಂಡ ಮುಟ್ಟಿ ನೋಡಿ ಆರಿಸುತ್ತಿದ್ದರು. ಆರಿಸಿದವರಿಗೆಲ್ಲ ಕ್ವಾರಿಯಲ್ಲೋ ಕಾರ್ಖಾನೆಯಲ್ಲೋ ಕೆಲಸ. ವಾರವೆಲ್ಲ ಕಲ್ಲಿನ ಧೂಳು ಕುಡಿಯುವುದು, ಐತವಾರ ಆಡುವುದು. ನಮ್ಮ ಕಬಡ್ಡಿ ತಂಡದ ಹುಲಿಯಾಗಿದ್ದ ಖಾಜಾನ ಎರಡು ಬೆರಳು ಪಾಲಿಶ್ ಮಷೀನಿಗೆ ಸಿಕ್ಕು ಹೋದವು. ಸಾಹುಕಾರರೇ ಆಸ್ಪತ್ರೆಗೆ ಕರೆದೊಯ್ದರು, ರಾತ್ರಿಯೆಲ್ಲ ಅವನ ಪಕ್ಕದಲ್ಲೇ ಕೂತರು, ಬೆಳಗ್ಗೆ ಎದ್ದು, "ಹೆದರಬ್ಯಾಡೋ ಖಾಜಾ, ಕ್ರಿಕೆಟ್ಟಿಗೆ ಅಂಪೈರ್ ಮಾಡೂಣು. ಔಟ್ ಕೊಡಾಕ ಒಂದ ಬೆರಳ ಸಾಕಲ್ಲ?" ಎಂದರು. ನಾವೆಲ್ಲ ನಕ್ಕೆವು. ಖಾಜಾನೂ ನಕ್ಕ. ಆದರೆ ಅವನು ಅಂಪೈರ್ ಆಗಲಿಲ್ಲ, ಉಳಿದ ಬೆರಳಲ್ಲೇ ಎದುರಾಳಿಯ ಕಾಲು ಹಿಡಿಯುವುದನ್ನು ರೂಢಿ ಮಾಡಿಕೊಂಡ. ಸಾಹುಕಾರರು ಒಳ್ಳೆಯವರೋ ಕೆಟ್ಟವರೋ ಎಂದು ನನ್ನನ್ನು ಕೇಳಬೇಡಿ, ಇವತ್ತಿಗೂ ನನಗೆ ತಿಳಿದಿಲ್ಲ.

ಇನ್ನು ಸೋಫಾದ ವಿಷಯ. ಕೆಂಪು ಮಖಮಲ್ಲಿನದು, ಹುಬ್ಬಳ್ಳಿಯಿಂದ ತರಿಸಿದ್ದು. ಇರಕಲ್ಲಗಡದಲ್ಲಿ ಪಂದ್ಯವಿರಲಿ, ಹನುಮನಹಳ್ಳಿಯಲ್ಲಿರಲಿ, ತಂಡಕ್ಕಿಂತ ಮುಂಚೆ ಆ ಸೋಫಾ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹೊರಡುತ್ತಿತ್ತು. ಅಂಗಳದ ಗೆರೆಗೆ ಒತ್ತಿ ಅದನ್ನು ಇಡಬೇಕು, ಸಾಹುಕಾರರು ಕೂಡಬೇಕು, ಆಮೇಲೆ ಸೀಟಿ. ಅವರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಾಗಲೂ ಸೋಫಾ ಒಂದೇ ಹೋಯಿತು, ಹುಡುಗರು ಬರೀ ಸೋಫಾಕ್ಕೆ ಕೈಮುಗಿದು ಆಡಿ ಗೆದ್ದು ಬಂದರು. ಯಲಬುರ್ಗಾಕ್ಕೆ ಹೋಗುವಾಗ ಒಮ್ಮೆ ಟ್ರಾಲಿ ಪಂಕ್ಚರಾಗಿ, ಸೋಫಾ ಬರುವವರೆಗೂ ಜನ ಬಿಸಿಲಲ್ಲಿ ಕಾದರು. ಅಷ್ಟು ಹೊತ್ತೂ ನಾನು ಪಂಕ್ಚರಿನ ವೀಕ್ಷಕ ವಿವರಣೆ ಕೊಟ್ಟೆ. ಸೋಫಾದ ಮೇಲೆ ಬೇರೆ ಯಾರೂ ಕೂಡುವಂತಿರಲಿಲ್ಲ. ಕಾಲು ನೋವೆಂದು ಒಂದು ಸಲ ಅದರ ತುದಿಗೆ ಕುಂಡಿ ಊರಿದ್ದೆ. "ಮಾಸ್ತರ, ಏಳ್ರಿ. ಅದು ಕೂಡೋದಲ್ಲ," ಎಂದರು, ಮೆಲ್ಲಗೆ, ಎಲ್ಲರಿಗೂ ಕೇಳುವಂತೆ. ಆಮೇಲೆ ಅಷ್ಟೂ ವರ್ಷ ನಾನು ನಿಂತೇ ಮಾತಾಡಿದೆ.

ಹೋದ ವರ್ಷ ಸಾಹುಕಾರರಿಗೆ ಲಕ್ವಾ ಹೊಡೆಯಿತು. ಬಲಭಾಗ ಹೋಯಿತು, ಮಾತೂ ಹೋಯಿತು. ವ್ಯವಹಾರ ಮಗ ಮಹೇಶನ ಕೈಗೆ ಬಂತು. ಅವನು ಮೊದಲು ಮಾಡಿದ ಕೆಲಸವೆಂದರೆ ತಂಡಗಳನ್ನೆಲ್ಲ ಮುಚ್ಚಿದ್ದು. ಆಟದ ಕೆಲಸ ಹೋದವರಿಗೆ ಕ್ವಾರಿಯ ಕೆಲಸವೂ ಹೋಯಿತು. ಖಾಜಾ ಹನುಮನಹಳ್ಳಿಯಲ್ಲಿ ಬೆಟ್ಟಕ್ಕೆ ಬರುವ ಯಾತ್ರಿಕರಿಗೆ ಚಹಾ ಕೊಡುವ ಕೆಲಸಕ್ಕೆ ಸೇರಿದ. ಹೀಗಿರುವಾಗ ಮಹೇಶ ನಮ್ಮ ಮನೆಗೆ ಬಂದ.

"ಮಾಸ್ತರ, ಸಿಟ್ಟು ಸಂಕಟ ಏನೂ ಆಗಬಾರದು ಅಂತ ಡಾಕ್ಟರ್ ಹೇಳ್ಯಾರ. ತಂಡ ಮುಚ್ಚೀವಿ ಅಂತ ಗೊತ್ತಾದ್ರ ನಮ್ಮಪ್ಪ ಉಳಿಯಾಂಗಿಲ್ಲ. ನೀವು ಐತವಾರಕ್ಕೊಮ್ಮೆ ಬಂದು ಮ್ಯಾಚ್ ಹೇಳಿ ಹೋಗ್ರಿ."

"ಯಾವ ಮ್ಯಾಚ್ ತಮ್ಮಾ?"

"ಆಗಲಾರದ ಮ್ಯಾಚ್‌ರಿ."

ಒಪ್ಪಿಕೊಂಡೆ. ಒಬ್ಬ ಮನುಷ್ಯನ ಜೀವದ ಪ್ರಶ್ನೆ ಎಂದು ಹೆಂಡತಿಗೆ ಹೇಳಿದೆ. ಆದರೆ ತಂಡಗಳ ಜೊತೆಗೆ ಸಾಹುಕಾರರ ರೊಕ್ಕದಲ್ಲಿ ನಡೆಯುತ್ತಿದ್ದ ಪಂದ್ಯಗಳೂ ನನ್ನ ಮೈಕೂ ಹೋಗಿದ್ದವು, ಮಾತಾಡಲು ಜಾಗವಿಲ್ಲದೆ ನಾನೂ ಒದ್ದಾಡುತ್ತಿದ್ದೆ. ಅದನ್ನು ಹೇಳಲಿಲ್ಲ.

ಸಾಹುಕಾರರ ಕೋಣೆಯಲ್ಲಿ ಔಷಧದ ವಾಸನೆ. ಆ ಗಟ್ಟಿಮುಟ್ಟಾದ ಮನುಷ್ಯ ಹಾಸಿಗೆಯಲ್ಲಿ ಅರ್ಧವಾಗಿದ್ದರು. ಎಡಗೈ ಮತ್ತು ಕಣ್ಣು ಮಾತ್ರ ಆಡುತ್ತಿದ್ದವು. ಕೂಡಲು ಕುರ್ಚಿ ಇರಲಿಲ್ಲ, ಗೋಡೆಯ ಬದಿಗೆ ಆ ಕೆಂಪು ಸೋಫಾ ಇತ್ತು. "ಅಲ್ಲೇ ಕೂಡ್ರಿ ಮಾಸ್ತರ," ಎಂದರು ಅವರ ಹೆಂಡತಿ ಗೌರಮ್ಮ. ನಾನು ಸಾಹುಕಾರರ ಮುಖ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಬೇಡವೆನ್ನಲು ಪಾಪ, ಬಾಯಿಲ್ಲ ಎಂದುಕೊಂಡು ಕೂತೆ. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. "ಇರಕಲ್ಲಗಡದ ಅಂಗಳದಲ್ಲಿ ಜನವೋ ಜನ! ಮರದ ಮೇಲೆ ಜನ, ಮಾಳಿಗೆಯ ಮೇಲೆ ಜನ! ಗೆರೆಯ ಅಂಚಿನಲ್ಲಿ ನಮ್ಮ ಸಾಹುಕಾರರ ಕೆಂಪು ಸೋಫಾ ವಿರಾಜಮಾನವಾಗಿದೆ! ಅದಕ್ಕೆ ಕೈಮುಗಿದು ಇದೋ, ಖಾಜಾ ರೇಡಿಗೆ ಹೊರಟ!" ಸಾಹುಕಾರರ ಬಾಯಿಯ ಎಡ ಮೂಲೆ ಅದುರಿತು. ಸಂತೋಷವಾಗಿದೆ ಎಂದು ಹಿಗ್ಗಿದೆ.

ಅಲ್ಲಿಂದ ಮುಂದೆ ಪ್ರತಿ ಐತವಾರ ಗೆಲುವೇ ಗೆಲುವು. ಬರೀ ಗೆದ್ದರೆ ಅನುಮಾನ ಬಂದೀತೆಂದು ಒಂದು ವಾರ ಸೋಲಿಸಿದೆ. ಕೊನೆಯ ರೇಡಿನಲ್ಲಿ ಖಾಜಾನ ಕಾಲು ಜಾರಿತು. ಆವತ್ತು ಮನೆಗೆ ಬಂದು ಊಟ ಸೇರದೆ ಕೂತಿದ್ದಾಗ ಹೆಂಡತಿ, "ಆಗಲಾರದ ಮ್ಯಾಚ್ ಸೋತು ಅಳಾಕತ್ತೀರಲ್ರಿ, ನಿಮಗ ಡಾಕ್ಟರ್‌ನ ಕರಸಬೇಕು!" ಎಂದಳು. ಅತ್ತ ಸಾಹುಕಾರರು ವಾರದಿಂದ ವಾರಕ್ಕೆ ಸಣ್ಣಗಾಗುತ್ತಿದ್ದರು. ಗಂಜಿ ಹೋಗಿ ಮೂಗಿಗೆ ನಳಿಕೆ ಬಂತು. ಬೆನ್ನಿನಲ್ಲಿ ಹುಣ್ಣಾದವು. ಗೌರಮ್ಮ ಹೊರಳಿಸಿದಾಗ ಅವರು ನರಳುವ ಸದ್ದು ಕಿವಿಗೆ ಬೀಳದಿರಲೆಂದು ನಾನು ಇನ್ನಷ್ಟು ಗಟ್ಟಿಯಾಗಿ ಕೂಗುತ್ತಿದ್ದೆ.

ಕೊನೆಯ ಐತವಾರ ಅವರಿಗೆ ಉಸಿರಾಡುವುದೇ ಕಷ್ಟವಾಗಿತ್ತು. ನಾನು ಖಾಜಾನನ್ನು ಎದುರಾಳಿಗಳ ನಡುವೆ ನಿಲ್ಲಿಸಿದ್ದೆ. "ದಮ್ಮು ಬಿಟ್ಟಿಲ್ಲ! ಗೆರೆ ಇನ್ನೊಂದೇ ಮಾರು!" ಎನ್ನುವಷ್ಟರಲ್ಲಿ ಸಾಹುಕಾರರು ಎಡಗೈಯನ್ನು ಮೆಲ್ಲಗೆ ಮೇಲೆತ್ತಿದರು. ನೀರು ಬೇಕೇನೋ ಎಂದು ಗೌರಮ್ಮನವರನ್ನು ಕರೆದೆ. ನೀರು ಬೇಡವಾಗಿತ್ತು. ಕೈ ಕೆಳಗಿಳಿಯಿತು. ಆ ವಾರದಲ್ಲೇ ತೀರಿಕೊಂಡರು.

ನಮ್ಮ ಕಡೆ ಒಳ್ಳೆಯ ಆಟಗಾರರದ್ದೊಂದು ರೂಢಿ ಇದೆ. ಮೈ ಮುಟ್ಟಿದ್ದು ಅಂಪೈರನ ಕಣ್ಣಿಗೆ ಬೀಳದಿದ್ದರೂ, ಔಟಾದವನು ತಾನೇ ಕೈ ಎತ್ತಿ ಹೊರಗೆ ಹೋಗುತ್ತಾನೆ. ಇದನ್ನು ವರ್ಷಗಟ್ಟಲೆ ಹುಡುಗರಿಗೆ ಕಲಿಸಿದವನು ನಾನು. ಸಾಹುಕಾರರ ಕೈ ನೋಡಿ ನನಗೆ ನೆನಪಾದದ್ದು ನೀರು.

ಮಣ್ಣು ಮುಗಿದ ಮೇಲೆ ಅವರ ಮನೆಗೆ ಹೋದೆ. ಹೆಂಡತಿಯ ತಾಕೀತು ಇದ್ದೇ ಇತ್ತು, ಆದರೂ ಬಾಯಿ ತಡೆಯಲಿಲ್ಲ. "ಅಮ್ಮಾರ, ಒಂದು ಸಮಾಧಾನ ಏನಂದ್ರ, ತಂಡ ಮುಚ್ಚಿದ್ದು ಸಾವ್ಕಾರ್ರಿಗೆ ಕಡೀತನಕ ಗೊತ್ತಾಗಲಿಲ್ಲ," ಎಂದೆ.

ಗೌರಮ್ಮ ತಲೆ ಅಲ್ಲಾಡಿಸಿದರು. "ಮೊದಲನೇ ಐತವಾರಾನ ಗೊತ್ತಾಗಿತ್ತು ಮಾಸ್ತರ. ಸೋಫಾ ಇಲ್ಲೇ ಇತ್ತಲ್ರಿ."

ಸೋಫಾ ಹೋಗದೆ ಸೀಟಿ ಊದುವಂತಿರಲಿಲ್ಲ. ಆ ಸೋಫಾದ ಮೇಲೆ ಕೂತು, ಅದು ಇರಕಲ್ಲಗಡದಲ್ಲಿದೆ ಎಂದು ನಾನು ಅವರ ಮುಂದೆಯೇ ಕೂಗಿದ್ದೆ.

"ಆವತ್ತು ನೀವು ಹೋದ ಮ್ಯಾಲೆ ಭಾಳ ಹೊತ್ತು ಅತ್ರು," ಎಂದರು ಗೌರಮ್ಮ. "ಮಾಸ್ತರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಸ್ಲೇನು ಅಂದೆ. ಬ್ಯಾಡ ಅಂತ ಕೈ ಮಾಡಿದ್ರು. ಸೋಫಾನರ ಹೊರಗ ಇಡಸ್ಲೇನು ಅಂದೆ. ಅದಕ್ಕೂ ಬ್ಯಾಡ ಅಂದ್ರು. ಅದನ್ನ ತಗದ್ರ ನೀವೆಲ್ಲಿ ಕೂಡಬೇಕ್ರಿ? ಐತವಾರ ಬಂತಂದ್ರ ಬಾಗಿಲ ಕಡೇನ ನೋಡಿಕೋತ ಮಲಗಿರ್ತಿದ್ರು."

ಇಷ್ಟು ದಿನ ಅವರ ತಂಡವನ್ನು ನಾನು ಉಳಿಸಿದ್ದೇನೆ ಎಂದು ಒಳಗೊಳಗೇ ಬೀಗುತ್ತಿದ್ದೆ. ಉಳಿದದ್ದು ಒಬ್ಬನೇ ಆಟಗಾರನ ತಂಡ, ಆ ಆಟಗಾರ ನಾನೇ, ಅವನನ್ನು ಸಾಕಿದವರು ಸಾಹುಕಾರರು. ಅವನಿಗಾಗಿ ಸೋಫಾ ಬಿಟ್ಟುಕೊಟ್ಟು, ಮತ್ತೆ ಗೆರೆಯಾಚೆ ಅಂಗಿ ಕಾಯುತ್ತ ಮಲಗಿದ್ದರು. ನನಗೆ ಅಲ್ಲೇ ಅಳು ಬಂತು.

ಮಹೇಶ ಸೋಫಾವನ್ನು ಟ್ರಾಲಿಯಲ್ಲಿ ನಮ್ಮ ಮನೆಗೇ ಕಳಿಸಿದ. ಪಡಸಾಲೆ ತುಂಬಿಕೊಂಡು ಕೂತಿದೆ. ಹೆಂಡತಿ ಅದರ ಮೇಲೆ ಹಾಸಿಗೆ ಅರಿವೆ ಮಡಚಿಡುತ್ತಾಳೆ. ಕೂಡ್ರಿ ಎಂದರೆ, ಅದು ಕೂಡೋದಲ್ಲ ಎನ್ನುತ್ತೇನೆ. ಅದನ್ನು ಬಿಟ್ಟರೆ ಮಾತೇ ಕಡಿಮೆಯಾಗಿದೆ. ಇಷ್ಟು ವರ್ಷ ನನ್ನ ಬಾಯಿ ಮುಚ್ಚಿಸಲು ಹೆಣಗಿದ ಅವಳಿಗೆ ಈಗ ಹೆದರಿಕೆ. ನಿನ್ನೆ ನಾನು ಊಟಕ್ಕೆ ಕೂತಾಗ ರೊಟ್ಟಿ ಬಡಿಯುತ್ತ ಬಡಿಯುತ್ತ ಅವಳೇ ಶುರು ಮಾಡಿದಳು. "ನೋಡ್ರಿ, ಎರಡನೇ ರೊಟ್ಟಿ ಹಂಚಿನ ಮ್ಯಾಲ ಬಂತು. ಮಂದಿ ತುದಿಗಾಲ ಮ್ಯಾಲ ನಿಂತಾರ. ಮಾಸ್ತರ ಏನ್ ಮಾಡ್ತಾರ ಈಗ?"

ನಾನು ಎಡಗೈ ಎತ್ತಿದೆ. ಇನ್ನೊಂದು ರೊಟ್ಟಿ ಕೇಳುತ್ತಿದ್ದೇನೆ ಎಂದುಕೊಂಡು ತಟ್ಟೆಗೆ ಹಾಕಿದಳು.