ನಾಲ್ಕು ಬಟ್ಟಲಿನ ಮಿಷನ್ನು

ನಮ್ಮಣ್ಣ ಏರ್ ಫ್ರೈಯರ್ ಕೊಡಿಸಿದಾಗಿನಿಂದ ನಮ್ಮನೇಲಿ ನಗೋದಕ್ಕೇನೂ ಕಮ್ಮಿಯಿಲ್ಲ. ನಗೋರು ಮಾತ್ರ ಬೇರೆಯೋರು. ಬೇತಮಂಗಲದ ಹತ್ತಿರ ನಮ್ಮೂರು. ಅತ್ತೆ, ಮಾವ, ಗಂಡ, ಮಗಳು, ನಾನು, ಒಟ್ಟು ಐದು ಜನ. ಆ ಏರ್ ಫ್ರೈಯರ್ ಮಿಷನ್ನಿನ ಬುಟ್ಟಿಯಲ್ಲಿ ಹಿಡಿಯೋದು ನಾಲ್ಕೇ ಚಿಕ್ಕ ಬಟ್ಟಲು. ಮಾಡಿದ್ದನ್ನ ಒಂದು ಸಲ ನಾನೂ ತಿನ್ನಬೇಕು, ಅಷ್ಟೇ ನನ್ನಾಸೆ.

ಮೊದಲ ಪೂಜೆ

ಮಾವಿನಹಣ್ಣು ಹೆಚ್ಚಿ, ಬೆಲ್ಲ, ಏಲಕ್ಕಿ, ನಮ್ಮ ಹಸುವಿನ ತುಪ್ಪ ಹಾಕಿ ಇಟ್ಟೆ. ಟಿಣ್ ಅಂತು. ಅತ್ತೆ ಓಡಿ ಬಂದು ಮಿಷನ್ನಿಗೆ ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, "ಒಸದು ಕಣಮ್ಮಿ, ಮೊದ್ಲು ದೇವ್ರಿಗೆ" ಅಂತ ಒಂದು ಬಟ್ಟಲು ತಗೊಂಡರು. ದೇವರು ನೋಡಿದ್ದು ಎರಡು ನಿಮಿಷ, ಅತ್ತೆ ತಿಂದಿದ್ದು ಒಂದೇ ನಿಮಿಷ. ಉಳಿದ ಮೂರು ಮಾವ, ಗಂಡ, ಮಗಳಿಗೆ.

"ನಂಗತ್ತೆ?"

"ಮಿಷನ್ನಲ್ಲಿ ನಾಲ್ಕೇ ಇಡ್ಯೋದು, ನಾನೇನ್ ಮಾಡ್ಲಿ?"

ಇನ್ನೊಂದು ಸಲ ಇಡೋಣ ಅಂದರೆ, ಕರೆಂಟು ಬಿಲ್ಲು ಜಾಸ್ತಿ ಬರುತ್ತೆ ಅಂತ ಮಾವ ಸ್ವಿಚ್ ಆರಿಸಿದರು. ನನಗೂ ನಾಲ್ಕು ಬಟ್ಟಲು ಸಿಕ್ಕಿತು, ತೊಳೆಯೋಕೆ.

ರೈಲಿನ ಹೊಗಳಿಕೆ

ಆಮೇಲೆ ಒಂದು ದಿನ ಸೀಬೆಹಣ್ಣು ಇಟ್ಟೆ. ಒಂದು ಬಟ್ಟಲು ನನಗೆ ಅಂತ ಮೊದಲೇ ಹೇಳಿಟ್ಟಿದ್ದೆ. ಬೆಳಗ್ಗೆ ಡೈರಿಗೆ ಹಾಲು ಹಾಕಿ ಬರೋಷ್ಟರಲ್ಲಿ ಗಂಡ ನಾಲ್ಕನ್ನೂ ಡಬ್ಬಿಗೆ ಸುರಿದುಕೊಂಡು ಬಂಗಾರಪೇಟೆಗೆ ರೈಲು ಹಿಡಿಯೋಕೆ ಹೊರಟಾಗಿತ್ತು. ದಿನಾ ಕೆಲಸಕ್ಕೆ ಹೋಗುವಾಗ ಒಂದೇ ಬೋಗಿಯಲ್ಲಿ ಕೂರೋ ಅವರ ಗುಂಪಿಗೆ ಸರದಿ ಮೇಲೆ ತಿಂಡಿ ಒಯ್ಯಬೇಕಂತೆ.

ಸಾಯಂಕಾಲ ಬಂದು, "ಎಲ್ಲಾರೂ ಬೆರಳು ನೆಕ್ಕಿದ್ರು ಕಣೇ" ಅಂದರು.

"ಯಾರು ಮಾಡಿದ್ದು ಅಂತ ಕೇಳಿದ್ರಾ?"

"ಕೇಳಿದ್ರು."

"ಏನಂದ್ರಿ?"

"ಮಿಷನ್ನು ಅಂದೆ."

ಖಾಲಿ ಡಬ್ಬಿ ಕಿತ್ಕೊಂಡು ತೊಳೆಯೋಕೆ ಹೋದೆ.

ನನ್ನ ಸರದಿ

ಕಳೆದ ತಿಂಗಳು ಎಲ್ಲರೂ ಬಂಗಾರಪೇಟೆಗೆ ಮದುವೆಗೆ ಹೊರಟರು. ಹಸು ನೋಡ್ಕೋಬೇಕಲ್ಲ ಅಂತ ನನ್ನ ಬಿಟ್ಟರು. ಬಾಳೆಹಣ್ಣಿಗೆ ಬೆಲ್ಲ ಹಾಕಿ ನಾಲ್ಕು ಬಟ್ಟಲು ಇಟ್ಟೆ. ನಾಲ್ಕೂ ನನಗೇ! ಟಿಣ್ ಅಂತು, ಹೊರಗೆ ಆಟೋ ನಿಂತ ಸದ್ದೂ ಆಯ್ತು. ಅತ್ತೆಗೆ ಮೊಣಕಾಲು ನೋವಂತೆ, ಊಟ ಮುಗಿಸಿ ಒಬ್ಬರೇ ವಾಪಸ್. ಅವರು ಆಟೋದಿಂದ ಇಳಿದು ಒಳಗೆ ಬರೋಷ್ಟರಲ್ಲಿ ನಾಲ್ಕನ್ನೂ ನಿಂತಲ್ಲೇ ಬಾಯಿಗೆ ಸುರಿದುಕೊಂಡೆ.

ಅತ್ತೆ ಬಂದವರೇ ಬಟ್ಟಲು ನೋಡಿದರು. "ನಾಲ್ಕೂ ಒಬ್ಳೇ ತಿಂದ್ಯೇನೇ? ನಂಗೆ?"

"ಮಿಷನ್ನಲ್ಲಿ ನಾಲ್ಕೇ ಇಡ್ಯೋದತ್ತೆ, ನಾನೇನ್ ಮಾಡ್ಲಿ?"

ಅಬ್ಬಾ, ಇಷ್ಟು ದಿನದ ಸಿಟ್ಟು ಇಳೀತು. ಅತ್ತೆ ಮುಖ ಹುಳ್ಳಗೆ ಮಾಡಿಕೊಂಡು, "ಎಂಗಿತ್ತು?" ಅಂದರು.

ಬಾಯಿ ತೆರೆದು ತೋರಿಸಿದೆ. ಮೊದಲ ಬಟ್ಟಲಿಗೇ ನಾಲಿಗೆ ಸುಟ್ಟು ಬೊಬ್ಬೆ ಎದ್ದಿತ್ತು. ಉಳಿದ ಮೂರರ ರುಚಿ ದೇವರಾಣೆ ಗೊತ್ತಾಗಲಿಲ್ಲ. ಇವತ್ತಿಗೂ ಯಾರಾದರೂ "ಹೇಗಿರುತ್ತೆ?" ಅಂದರೆ, ನಮ್ಮತ್ತೇನ ಕೇಳಿ ಅಂತೀನಿ.