ದಾಸ ಮಾಸ್ತರನ ದೋಣಿ ಲೆಕ್ಕ

ಕುಮಟೆಯ ಕಾಲೇಜಿನಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ಎಂಬ ಗಣಿತ ಕಲಿಸುತ್ತಿದ್ದ ದಾಸ ಮಾಸ್ತರ ಅದನ್ನು ಕರಿಹಲಗೆಯ ಮೇಲೇ ಬಿಟ್ಟು ಬಂದಿದ್ದರೆ ಈ ಫಜೀತಿ ಇರಲಿಲ್ಲ. ಆದರೆ ಹೊನ್ನಾವರದ ಅವನ ಕೇರಿಯಲ್ಲಿ ವೆಂಕಟನ ಹೊಸ ಯಂತ್ರದೋಣಿ ಆ ಸಂಜೆಯ ಭರತದಲ್ಲೇ, ಕಡಲು ಉಕ್ಕಿದಾಗಲೇ, ನೀರಿಗೆ ಇಳಿಯಬೇಕಿತ್ತು. ಕೆಲಸ ಇನ್ನೂ ರಾಶಿ ಬಿದ್ದಿತ್ತು. ವೆಂಕಟನ ಮಗಳು ಬೆಳ್ಳಿಯನ್ನು ಮದುವೆಗೆ ಕೇಳಬೇಕೆಂದು ವರ್ಷದಿಂದ ಒದ್ದಾಡುತ್ತಿದ್ದ ದಾಸನಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವಂತಿರಲಿಲ್ಲ.

"ಯಾವ ಕೆಲ್ಸ ಮುಗೀದೆ ಯಾವ್ದು ಶುರು ಆಗೂದಿಲ್ಲ, ಅಷ್ಟು ಹೇಳು ವೆಂಕಟಣ್ಣ. ಎಲ್ಲಕ್ಕಿಂತ ಕಮ್ಮಿ ಹೊತ್ತಲ್ಲಿ ಮುಗ್ಸೂ ದಾರಿ ನನ್ನ ಲೆಕ್ಕ ಹೇಳ್ತದೆ."

"ಲೆಕ್ಕ ದೋಣಿ ಎಳೀತದಾ?" ಎಂದಳು ವೆಂಕಟನ ಅಕ್ಕ ತಿಮ್ಮಕ್ಕ. ದಾಸ ಕೇಳಿಸದವನಂತೆ ಸಮೀಕರಣ ಬಿಡಿಸುತ್ತ ಕೂತ.

ಒಂದಕ್ಕೊಂದು ಸಂಬಂಧವಿಲ್ಲದ ಕೆಲಸಗಳೆಲ್ಲ ಒಟ್ಟಿಗೇ ಆಗಲಿ ಎಂದಿತು ಲೆಕ್ಕ. ಹಾಗಾಗಿ ದೋಣಿಯ ಮುಂದುಗಡೆ ಪೂಜೆ, ನಡುವೆ ಯಂತ್ರ ಕೂರಿಸುವುದು, ಹಿಂದುಗಡೆ ಡಾಂಬರು. ಪ್ರದಕ್ಷಿಣೆ ಹೊರಟ ಭಟ್ಟರ ಪಂಚೆ ಹಿಂದುಗಡೆಯ ಹಸಿ ಡಾಂಬರಿಗೆ ಅಂಟಿಕೊಂಡಿತು. ಭಟ್ಟರನ್ನು ಬಿಡಿಸಲು ಇಬ್ಬರು ಬೇಕಾದರು.

ಡಾಂಬರು ಒಣಗುವ ತನಕ ದೋಣಿ ಎಳೆಯಲು ಬಂದ ಗಂಡಸರು ಸುಮ್ಮನೆ ಕೂತಿದ್ದರು. ಹೊತ್ತು ಹಾಳಾಗುವುದನ್ನು ದಾಸನಿಗೆ ನೋಡಲಾಗಲಿಲ್ಲ. ಎಳೆದ ಮೇಲೆ ಕೊಡುವ ಅವಲಕ್ಕಿ ಬೆಲ್ಲವನ್ನು ಈಗಲೇ ಕೊಟ್ಟರೆ ಆ ಹೊತ್ತೂ ಉಳಿಯಿತಲ್ಲ ಎಂದು ಕೊಡಿಸಿಯೇಬಿಟ್ಟ. ಅವರು ತಿಂದರು, ಕೈ ತೊಳೆದರು, ಪಂಚೆ ಕೊಡವಿ ಮನೆ ಕಡೆ ಹೊರಟರು.

"ದೋಣಿ ಇನ್ನೂ ಇಲ್ಲೇ ಅದೆಯಲ್ಲ ಜಟ್ಟಣ್ಣ," ಎಂದು ದಾಸ ಅವರ ಮುಂದಾಳು ಜಟ್ಟಿಗೆ ಅಡ್ಡ ನಿಂತ.

"ಅವಲಕ್ಕಿ ಕೊಟ್ರು ಅಂದ್ರೆ ಕೆಲ್ಸ ಆತು ಅಂತ, ಮಾಸ್ತರೆ. ಅಜ್ಜನ ಕಾಲದಿಂದೂ ಹಂಗೇ. ತಿಂದ್ಮೇಲೆ ಎಳೆಯೂದು ಎಂತದು?"

ಭರತ ಏರತೊಡಗಿತು. ದಾಸ ಮನೆಮನೆಯ ಬಾಗಿಲು ಬಡಿದ. ಅರ್ಧ ಜನ ಆಗಲೇ ಗೊರಕೆ ಹೊಡೆಯುತ್ತಿದ್ದರು. ಮತ್ತೊಮ್ಮೆ ಅವಲಕ್ಕಿ ಕಲಸಿ ದೋಣಿಯ ಹತ್ತಿರ ಇಟ್ಟರೆ ಮಾತ್ರ ಬರುತ್ತೇವೆ ಎಂದರು ಉಳಿದವರು. ದಾಸ ತಾನೇ ಕಾಯಿ ತುರಿಯಲು ಕೂತ. ಕಾಯಿಯ ಜೊತೆ ಹೆಬ್ಬೆರಳೂ ಚೂರು ತುರಿದುಹೋಯಿತು. ಬೆಳ್ಳಿ ನಗುತ್ತ ಬಟ್ಟೆ ಸುತ್ತಿದಳು. ಆ ನಗುವಿಗೆ ಅವನು ಉಳಿದ ಬೆರಳುಗಳನ್ನೂ ತುರಿದುಕೊಳ್ಳಲು ತಯಾರಿದ್ದ.

ಸೂರ್ಯ ಮುಳುಗುವ ಮೊದಲು ದೋಣಿ ತೇಲಿತು. ವೆಂಕಟ ದಾಸನನ್ನು ತಬ್ಬಿಕೊಂಡ. ಈಗಲ್ಲದಿದ್ದರೆ ಇನ್ಯಾವಾಗ ಎಂದು ದಾಸ ಗಂಟಲು ಸರಿಮಾಡಿಕೊಂಡ.

"ವೆಂಕಟಣ್ಣ, ಬೆಳ್ಳಿ ವಿಷ್ಯ..."

"ನಿಂಗೂ ಗೊತ್ತಾತಾ? ಯಾರ ಹತ್ರನೂ ಹೇಳಿರ್ಲಿಲ್ಲ. ದೋಣಿ ನೀರಿಗಿಳಿದ್ಮೇಲೇ ಅವಳ ಲಗ್ನ ಅಂತ ದೇವ್ರಿಗೆ ಹೇಳ್ಕಂಡಿದ್ದೆ. ಇವತ್ತು ಇಳೀದಿದ್ರೆ ಮಂಕಿ ಊರಿನ ಶನಿಯಾರ ಅಂತ ಹುಡುಗ, ಅವನ ಮನೆಯೋರು ಬೇರೆ ಹೆಣ್ಣು ನೋಡ್ತಿದ್ರು. ನಾಡಿದ್ದು ನಿಶ್ಚಯಕ್ಕೆ ಬರ್ತ್ರು."

ದೋಣಿ ಇಳಿಯುವ ಮುಂಚೆ ಏನೇನು ಆಗಬೇಕೆಂದು ಕೇಳಿದ್ದನೇ ಹೊರತು, ಇಳಿದ ಮೇಲೆ ಏನಾಗುತ್ತದೆಂದು ದಾಸ ಕೇಳಿರಲೇ ಇಲ್ಲ.

"ಚಪ್ಪರ, ಅಡುಗೆ, ದಿಬ್ಬಣ ಎಲ್ಲಾ ನೀನೇ ನೋಡ್ಕಣೂದು," ವೆಂಕಟ ಅವನ ಬೆನ್ನು ತಟ್ಟಿದ. "ಆದಷ್ಟು ಬೇಗ ಮುಗೀಬೇಕು ನೋಡು ಮಾಸ್ತರ."