ಚಳ್ಳಕೆರೆಯವರೆಗಿನ ಬೆಂಗಳೂರು

ಬೆಂಗಳೂರಿಗೆ ಹೋಗುತ್ತಿದ್ದೇನೆ ಎಂದು ಹೆಂಡತಿಗೆ ನಿಜ ಹೇಳಿದ್ದರೆ ಸಿದ್ದಲಿಂಗೇಶನಿಗೆ ಆ ಶನಿವಾರ ಅಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಆದರೆ ನಿಜ ಹೇಳುವ ಹಾಗಿರಲಿಲ್ಲ. ಮದುವೆಯಾದಾಗಿನಿಂದ ಶಿಲ್ಪಾ ಬೆಂಗಳೂರು ತೋರಿಸಿ ಎಂದು ಕೇಳುತ್ತಲೇ ಬಂದಿದ್ದಳು. ಅವನು ಪ್ರತಿ ಸಲವೂ, "ಏನೈತೆ ಅಲ್ಲಿ? ಹೊಗೆ, ಧೂಳು, ಟ್ರಾಫಿಕ್ಕು. ನಮ್ಮ ಮೊಳಕಾಲ್ಮೂರಿನ ಗಾಳಿ ಅಲ್ಲಿ ದುಡ್ಡು ಕೊಟ್ರೂ ಸಿಗಲ್ಲ" ಎಂದು ಗಾಳಿಯಲ್ಲೇ ಮಾತು ತೇಲಿಸಿಬಿಡುತ್ತಿದ್ದ.

ಈಗ ಅದೇ ಬೆಂಗಳೂರಿಗೆ ಅವನು ಹಾಸ್ಟೆಲ್ ಕಾಲದ ಇಬ್ಬರು ಗೆಳೆಯರ ಜೊತೆ ಹೊರಟಿದ್ದ. ಒಬ್ಬ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುವ ಮಹಾಂತೇಶ. ಇನ್ನೊಬ್ಬ ಲೋಹಿತ, ಸ್ವಂತ ಇನ್ನೋವಾ ಇಟ್ಟುಕೊಂಡು ಊರಿನವರನ್ನೆಲ್ಲ ಟೂರಿಗೆ ಕರೆದೊಯ್ಯುವವನು, ತಾನು ಮಾತ್ರ ಒಂದು ಸಲವೂ ಟೂರು ಮಾಡದವನು. ಮೆಟ್ರೋದಲ್ಲಿ ಈ ತುದಿಯಿಂದ ಆ ತುದಿಗೆ ಸುಮ್ಮನೆ ಓಡಾಡುವುದು, ಮಾಲಿನಲ್ಲಿ ಕಾಲು ಚಾಚಿ ಮಲಗಿ ಸಿನಿಮಾ ನೋಡುವುದು, ರಾತ್ರಿ ಮಹಡಿಯ ಮೇಲಿನ ಹೋಟೆಲಿನಲ್ಲಿ ಊಟ. ಹೆಂಡತಿಯರು ಇಲ್ಲ, ಮಕ್ಕಳು ಇಲ್ಲ. ಬೆಳಿಗ್ಗೆ ಚಳ್ಳಕೆರೆಯ ಹೆದ್ದಾರಿ ಪೆಟ್ರೋಲ್ ಬಂಕಿನ ಹತ್ತಿರ ಸೇರುವುದೆಂದು ಮಾತಾಗಿತ್ತು.

"ಚಳ್ಳಕೆರೆಗೆ ಹೋಗಿ ಮೋಟ್ರು ಸ್ಟಾರ್ಟರ್ ತರ್ತೀನಿ, ಸಂಜಿಗೆ ಬಂದ್ಬಿಡ್ತೀನಿ" ಎಂದು ಶಿಲ್ಪಾಗೆ ಹೇಳಿದ. ಪಂಪ್‌ಸೆಟ್ಟು, ಪೈಪಿನ ಅಂಗಡಿಯವನು ಸ್ಟಾರ್ಟರ್ ತರಲು ಹೋಗುವುದರಲ್ಲಿ ಅನುಮಾನ ಪಡುವಂಥದ್ದೇನೂ ಇರಲಿಲ್ಲ. ರಾತ್ರಿ ಉಳಿಯುವುದಕ್ಕೆ ನೆಪವನ್ನು ದಾರಿಯಲ್ಲಿ ಯೋಚಿಸಿದರಾಯಿತು ಎಂದುಕೊಂಡು, ಹೊಸ ಅಂಗಿ ಇಟ್ಟ ಕೈಚೀಲವನ್ನು ಮೆಲ್ಲಗೆ ಕಾರಿನ ಹಿಂದಿನ ಸೀಟಿಗೆ ದಾಟಿಸಿದ.

ಪಕ್ಕದ ಮನೆಯ ಸರ್ವಮಂಗಳ ಕಾಂಪೌಂಡಿನ ಆಚೆ ತುಳಸಿಗೆ ನೀರು ಹಾಕುತ್ತಿದ್ದಳು. ಅವಳ ಕಿವಿ ಬೀದಿಯ ಆ ಕೊನೆಯಲ್ಲಿ ಸಾಸಿವೆ ಸಿಡಿದರೂ ಯಾರ ಮನೆಯದೆಂದು ಹೇಳುವಂಥದ್ದು.

"ಚಳ್ಳಕೆರೆಗಾ ಸಿದ್ದಣ್ಣ? ಕಾರಾಗೆ? ಒಬ್ರೇನಾ?"

ಮೂರಕ್ಕೂ ಹೌದು ಎನ್ನದೆ ಗತಿಯಿರಲಿಲ್ಲ. ಸರ್ವಮಂಗಳ ಚೆಂಬು ಕೆಳಗಿಟ್ಟು ಎದುರು ಮನೆಯತ್ತ ತಿರುಗಿ, "ಸೂರಮ್ಮಜ್ಜಿ, ಎದ್ದು ಬಾರಜ್ಜಿ! ಸಿದ್ದಣ್ಣ ಚಳ್ಳಕೆರೆಗೆ ಹೊಂಟಾನೆ, ಕಾರು ಖಾಲಿ ಐತೆ!" ಎಂದು ಕೂಗಿದಳು.

ಸೂರಮ್ಮ ಕೆನ್ನೆಗೆ ಸೆರಗು ಒತ್ತಿಕೊಂಡು ಬಂದಳು. ಅವಳ ಬಾಯಲ್ಲಿ ಉಳಿದಿದ್ದುದೇ ಒಂದು ಹಲ್ಲು. ಆ ಒಂದೇ ಹಲ್ಲು ಇಡೀ ಬಾಯಿಯ ನೋವನ್ನು ತಾನೇ ವಹಿಸಿಕೊಂಡು ವಾರದಿಂದ ಕಾಟ ಕೊಡುತ್ತಿತ್ತು. "ನೀನು ದೇವ್ರು ಬಂದಂಗೆ ಬಂದೆ ಕಣಪ್ಪ. ಹಲ್ಲು ಕೀಳ್ಸಿ, ನಿನ್ ಜೊತೆಗೇ ವಾಪಸ್ ಬಂದ್ಬಿಡ್ತೀನಿ" ಎನ್ನುತ್ತಾ ಮುಂದಿನ ಸೀಟಿನಲ್ಲಿ ಕೂತೇಬಿಟ್ಟಳು.

ಊರು ದಾಟುವ ಮುಂಚೆಯೇ ಅಜ್ಜಿ ಅವನ ಫೋನು ಕೇಳಿದಳು. ರಾಯದುರ್ಗದಲ್ಲಿರುವ ತಂಗಿಗೆ ಹಲ್ಲು ಕೀಳಿಸುವ ವಿಷಯ ಹೇಳಬೇಕಿತ್ತು. "ಹಲೋ, ಚೆಲ್ಲೀ, ಬಾಗುನ್ನಾವಾ?" ಎಂದು ತೆಲುಗಿನಲ್ಲಿ ಯೋಗಕ್ಷೇಮದಿಂದ ಶುರುವಾದ ಮಾತು, ಅರ್ಧ ದಾರಿಗೆ ಕನ್ನಡಕ್ಕೆ ಹೊರಳಿ, ಯಾರ ಮನೆಯ ಸೊಸೆ ಯಾಕೆ ಸಿಟ್ಟಾದಳು ಎಂಬಲ್ಲಿಗೆ ಬಂದು ಮತ್ತೆ ತೆಲುಗಿಗೇ ಹಾರಿತು. ಹಲ್ಲುನೋವು ಮಾತಿಗೇನೂ ಅಡ್ಡಿ ಮಾಡಲಿಲ್ಲ. ನಡುನಡುವೆ ಮಹಾಂತೇಶ ಕರೆ ಮಾಡುವ ಕುಂಯ್ ಕುಂಯ್ ಸದ್ದು ಬಂದರೆ, ಅಜ್ಜಿ, "ಇದೇನೋ ಜೀರುಂಡೆ ಹೊಕ್ಕಂಡೈತೆ" ಎಂದು ಫೋನನ್ನು ಒದರಿ ಮತ್ತೆ ಕಿವಿಗಿಟ್ಟುಕೊಳ್ಳುತ್ತಿದ್ದಳು.

ಕೊಂಡ್ಲಹಳ್ಳಿ ಕ್ರಾಸಿನಲ್ಲಿ ಒಬ್ಬ ಮುದುಕ ರಸ್ತೆಯ ಮಧ್ಯಕ್ಕೇ ಬಂದು ಕೈ ಅಡ್ಡ ಹಿಡಿದ. ಕುರಿ ಸಾಕುವ ದೊಡ್ಡೀರಪ್ಪ. ಸಿದ್ದಲಿಂಗೇಶನ ಅಂಗಡಿಯ ಹಳೆಯ ಗಿರಾಕಿ. ಪಕ್ಕದಲ್ಲಿ ಮದುಮಗನ ಹಾಗೆ ಕೊರಳಿಗೆ ಗೆಜ್ಜೆ ಕಟ್ಟಿಸಿಕೊಂಡ ಒಂದು ಟಗರು.

"ಸಾವ್ಕಾರ್ರೇ, ಅಳಿಯಗೆ ಟಗರು ಕೊಡ್ತೀನಿ ಅಂದಿದ್ದೆ. ಬಸ್ನೋರು ಹತ್ತಿಸ್ಕಳ್ಳಲ್ಲ ಅಂತಾರೆ. ನಿಮ್ದು ಒಳ್ಳೆ ಮನಸು."

"ಒಳ್ಳೆ ಮನಸು ಐತಪ್ಪ, ಜಾಗ ಇಲ್ಲ" ಎಂದು ಸಿದ್ದಲಿಂಗೇಶ ಹೇಳುವಷ್ಟರಲ್ಲಿ ಸೂರಮ್ಮ ಫೋನಿನಿಂದ ಬಾಯಿ ತೆಗೆದು, "ಹಿಂದೆ ಖಾಲಿ ಐತೆ, ಕೂತ್ಕೊ" ಎಂದಳು. ಟಗರು ಯಾವತ್ತೂ ಕಾರಿನಲ್ಲೇ ಓಡಾಡುವುದರ ಹಾಗೆ ಕಿಟಕಿಯ ಪಕ್ಕ ನಿಂತಿತು.

ತಳಕು ದಾಟುವಾಗ ಹಿಂದಿನಿಂದ ಏನೋ ಜಗಿಯುವ ಸದ್ದು ಬಂತು. ಕನ್ನಡಿಯಲ್ಲಿ ನೋಡಿದರೆ, ಟಗರಿನ ಬಾಯಿಂದ ಆಕಾಶನೀಲಿ ಬಣ್ಣದ ತೋಳೊಂದು ಜೋತಾಡುತ್ತಿತ್ತು. ಬೆಂಗಳೂರಿಗೆಂದೇ ಹೊಲಿಸಿದ ಅಂಗಿ. ದೊಡ್ಡೀರಪ್ಪ ಎಳೆದ, ಟಗರು ಎಳೆಯಿತು, ಟಗರು ಗೆದ್ದಿತು.

"ಮೋಟ್ರು ಸ್ಟಾರ್ಟರ್ ತರಾಕೆ ಹೊಸ ಅಂಗಿ ಯಾಕಪ್ಪ?" ಎಂದಳು ಸೂರಮ್ಮ.

"ಡೀಲರ್ ಮೀಟಿಂಗ್ ಐತಜ್ಜಿ."

"ಸೆಂಟೂ ಹೊಡ್ಕಂಡೀಯ?"

ಸಿದ್ದಲಿಂಗೇಶ ಗೇರು ಬದಲಾಯಿಸಿದ. ಅಷ್ಟರಲ್ಲಿ ಫೋನು ಒಂದು ಸಲ ನಡುಗಿ ಆರಿಹೋಯಿತು. ಚಾರ್ಜರು ಲೋಹಿತನ ಗಾಡಿಯಲ್ಲಿ ಇದ್ದೇ ಇರುತ್ತದೆ ಎಂದು ಅವನು ತನ್ನದನ್ನು ಮನೆಯಲ್ಲೇ ಬಿಟ್ಟು ಬಂದಿದ್ದ.

ಚಳ್ಳಕೆರೆಯಲ್ಲಿ ಟಗರನ್ನು ಇಳಿಸಲು ಹೋದರೆ ದೊಡ್ಡೀರಪ್ಪನ ಬೀಗರು ಮಜ್ಜಿಗೆ ಕುಡಿಸದೆ ಬಿಡಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಅಜ್ಜಿಯನ್ನು ಕೂರಿಸಿ ಓಡಿಬಿಡೋಣವೆಂದರೆ, ಅವಳು ಇಕ್ಕಳ ನೋಡಿದ್ದೇ ತಡ ಅವನ ಮುಂಗೈಯನ್ನು ಹಿಡಿದಳು. ಇಕ್ಕಳಕ್ಕಿಂತ ಆ ಹಿಡಿತವೇ ಗಟ್ಟಿಯಾಗಿತ್ತು. "ಮಗನನ್ನ ಪಕ್ಕದಲ್ಲೇ ನಿಲ್ಲಿಸ್ಕೊಳ್ಳಿ ಅಮ್ಮ, ಧೈರ್ಯ ಇರುತ್ತೆ" ಎಂದರು ಡಾಕ್ಟರು. ಹಲ್ಲು ಕಿತ್ತು ಬಂದಾಗ ಅಜ್ಜಿ ಕೂಗಲಿಲ್ಲ. ಅವಳ ಉಗುರು ಕೈಗೆ ನಾಟಿ ಸಿದ್ದಲಿಂಗೇಶನೇ ಕೂಗಿದ.

ಮಂಪರಿನಲ್ಲಿದ್ದ ಅಜ್ಜಿಯನ್ನು ಕಾರಿನಲ್ಲಿ ಮಲಗಿಸಿಕೊಂಡು ಪೆಟ್ರೋಲ್ ಬಂಕಿಗೆ ಬಂದಾಗ ಮಧ್ಯಾಹ್ನವಾಗಿತ್ತು. ಇನ್ನೋವಾ ಇರಲಿಲ್ಲ.

"ಅವ್ರಾ? ಕಾದು ಕಾದು, ಯಾರಿಗೋ ಬೈಕೊಂತ ಹೋದ್ರು" ಎಂದ ಬಂಕಿನವನು.

"ಯಾವ ಕಡಿಗೆ?"

ಬಂಕಿನವನು ಡೀಸೆಲ್ ಹಾಕುತ್ತಲೇ ಗದ್ದವನ್ನು ರಸ್ತೆಯತ್ತ ಎತ್ತಿದ. ಆ ಗದ್ದ ಎರಡೂ ದಿಕ್ಕಿಗೆ ಸರಿಯಾಗಿ ಹೊಂದುತ್ತಿತ್ತು. ಸಿದ್ದಲಿಂಗೇಶ ಅದನ್ನು ಬೆಂಗಳೂರಿಗೆ ಹೋಗುವ ಹಿರಿಯೂರಿನ ದಿಕ್ಕು ಎಂದು ಓದಿಕೊಂಡ. ನನ್ನ ಬಿಟ್ಟೇ ಹೋದರಲ್ಲ ಎಂದು ಹೊಟ್ಟೆ ಉರಿದರೂ ಆಸೆ ಸಾಯಲಿಲ್ಲ. ಕಾರನ್ನು ಮಹಾಂತೇಶನ ಮಿಲ್ಲಿನಲ್ಲಿ ನಿಲ್ಲಿಸಿ ಬಸ್ಸು ಹತ್ತಿದರೆ ರಾತ್ರಿಯ ಊಟಕ್ಕಾದರೂ ಅವರನ್ನು ಸೇರಬಹುದು.

ಮೊದಲು ಮನೆಗೆ ಹೇಳಬೇಕಲ್ಲ. ಔಷಧಿ ಅಂಗಡಿಯಾಕೆಯ ಫೋನು ಕೇಳಿ ಪಡೆದ. ಗೆಳೆಯರ ನಂಬರು ಯಾವುದೂ ಬಾಯಿಗೆ ಬರದು, ನೆನಪಿದ್ದುದು ಹೆಂಡತಿಯದೊಂದೇ.

"ಶಿಲ್ಪಾ, ನಾನು ಕಣೆ. ನಮ್ಮ ಮಹಾಂತೇಶಗೆ ಹುಷಾರಿಲ್ಲ. ಆಸ್ಪತ್ರೆಗೆ ಸೇರ್ಸೀವಿ."

"ಅಯ್ಯೋ ಶಿವನೇ! ಎಣ್ಣೆ ಮಿಲ್ಲಿನ ಮಹಾಂತೇಶಣ್ಣನಾ?"

"ಅವನೇ. ಹೊಟ್ಟೆ ಕೆಟ್ಟೈತೆ. ಗುಟುಕು ನೀರೂ ಇಳೀತಿಲ್ಲ."

"ನೀರೂ ಇಳೀತಿಲ್ವಾ? ಮಾತಾಡ್ತಾರಾ?"

"ಎಲ್ಲಿ ಮಾತು! ಕಣ್ಣು ಬಿಟ್ರೆ ಹೆಚ್ಚು. ನನ್ ಕೈ ಹಿಡ್ಕಂಡು ಬಿಡ್ತಾನೇ ಇಲ್ಲ."

ಫೋನಿನಲ್ಲಿ ಯಾರಿಗೋ ನೆತ್ತಿಗೆ ಹತ್ತಿದ ಹಾಗೆ ಕೆಮ್ಮು ಕೇಳಿಸಿತು. "ಅದ್ಯಾರೇ?"

"ಸರ್ವಮಂಗಳಕ್ಕ. ಮೆಣಸಿನಕಾಯಿ ಹುರೀತಿದೀವಿ. ರಾತ್ರಿ ಅಲ್ಲೇ ಇರ್ತೀರೇನೋ?"

"ಇರ್ಲೇಬೇಕಲ್ಲ."

"ಇರ್ರಿ, ಇರ್ರಿ. ಸ್ನೇಹಿತ್ರು ಅಂದ್ರೆ ಹಂಗಿರ್ಬೇಕು" ಎಂದಳು ಶಿಲ್ಪಾ, ತುಂಬ ಮೆತ್ತಗಿನ ದನಿಯಲ್ಲಿ. ಇಂಥ ಒಳ್ಳೆಯ ಹೆಂಡತಿಗೆ ಸುಳ್ಳು ಹೇಳಿದೆನಲ್ಲ ಎಂದು ಸಿದ್ದಲಿಂಗೇಶನಿಗೆ ಬೇಜಾರಾಯಿತು. ಫೋನು ವಾಪಸು ಕೊಟ್ಟ ಮೇಲೆ ಸರಿಹೋಯಿತು.

ಇನ್ನು ಸೂರಮ್ಮನನ್ನು ಊರಿನ ಬಸ್ಸಿಗೆ ಹತ್ತಿಸಿದರೆ ತೀರಿತು. ಆದರೆ ಬಸ್ ನಿಲ್ದಾಣದಲ್ಲಿ ಅಜ್ಜಿ ಬಾಯಲ್ಲಿ ಹತ್ತಿ ಕಚ್ಚಿಕೊಂಡು, ಅವನ ಭುಜಕ್ಕೆ ಒರಗಿದವಳು ಏಳಲೇ ಇಲ್ಲ. ಎತ್ತಿ ಮೆಟ್ಟಿಲ ಮೇಲಿಟ್ಟರೆ ನೆನೆದ ಚೀಲದ ಹಾಗೆ ಜಾರಿ ಮತ್ತೆ ಅವನ ಮೇಲೇ ಬಿದ್ದಳು.

ಕಂಡಕ್ಟರು ಗದರಿದ. "ಏನ್ರೀ, ಹಡೆದ ತಾಯೀನ ಈ ಸ್ಥಿತಿಯಾಗೆ ಒಬ್ಳನ್ನೇ ಕಳಿಸ್ತೀರಾ?"

"ನಮ್ಮವ್ವ ಅಲ್ಲ ಇವ್ರು—"

"ನೋಡ್ರಪ್ಪೋ, ತಾಯೀನೇ ಅಲ್ಲ ಅಂತಾನೆ!" ಎಂದಳು ಹೂವು ಮಾರುವವಳು. ಜನ ಸೇರಿದರು. ಒಬ್ಬರು ಕಾಲ ಕೆಟ್ಟಿತು ಎಂದರು. ಇನ್ನೊಬ್ಬರು ಅವನ ಕೈಯಲ್ಲಿದ್ದ ಕಾರಿನ ಕೀ ನೋಡಿ, "ಕಾರು ಬೇರೆ ಐತೆ ಮಗನಿಗೆ!" ಎಂದರು. ಆಗಲೇ ಸೂರಮ್ಮ ನಿದ್ದೆಗಣ್ಣಿನಲ್ಲಿ ಅವನ ಕೆನ್ನೆ ಸವರಿ, "ನನ್ ಬಂಗಾರ" ಎಂದಳು. ಅಲ್ಲಿಗೆ ಬೆಂಗಳೂರು ಮುಗಿಯಿತು.

ಬೆಂಗಳೂರಿನ ಬಸ್ಸು ಅವನ ಕಣ್ಣೆದುರೇ ಹೊರಟಿತು. ಸಿದ್ದಲಿಂಗೇಶ ಅಜ್ಜಿಯನ್ನು ಮತ್ತೆ ಕಾರಿಗೆ ಹೊತ್ತು ಬಂದ ದಾರಿಯಲ್ಲೇ ತಿರುಗಿದ. ದಾರಿಯುದ್ದಕ್ಕೂ ಮಹಾಂತೇಶನನ್ನು ಹೇಗೆ ವಾಸಿ ಮಾಡುವುದೆಂದು ಯೋಚಿಸಿದ. ಬಿ.ಜಿ. ಕೆರೆಯ ಹೊತ್ತಿಗೆ ಗ್ಲೂಕೋಸು ಏರಿಸಿದ. ಹಾನಗಲ್ ಬರುವಷ್ಟರಲ್ಲಿ ಪ್ರಾಣಾಪಾಯದಿಂದ ಪಾರು ಮಾಡಿದ.

ಅಜ್ಜಿಯನ್ನು ಅವಳ ಮನೆಗೆ ಬಿಟ್ಟು ಬಾಗಿಲಿಗೆ ಬಂದಾಗ ಶಿಲ್ಪಾ ಹೊಸ್ತಿಲಲ್ಲೇ ನಿಂತಿದ್ದಳು.

"ಏನ್ರೀ, ಬಂದೇಬಿಟ್ರಲ್ಲ! ಮಹಾಂತೇಶಣ್ಣ?"

"ಬದುಕಿದ ಬಿಡು. ಡಾಕ್ಟ್ರು ಕೈ ಚೆಲ್ಲಿದ್ರು. ನಾನೇ ಓಡಾಡಿ, ಗ್ಲೂಕೋಸ್ ಹಾಕ್ಸಿ... ಈಗ ನಿದ್ದೆ ಮಾಡ್ತಾವ್ನೆ, ಪಾಪ. ಮುಖ ನೋಡಾಕಾಗಲ್ಲ, ಬಿಳಚ್ಕಂಡೈತೆ."

"ಬರ್ರಿ, ಒಳಗೆ ಬರ್ರಿ."

ಒಳಗೆ ನಡುಮನೆಯಲ್ಲಿ ಚಾಪೆಯ ಮೇಲೆ, ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು, ಅಂಗಿಯ ಗುಂಡಿ ಬಿಚ್ಚಿ, ಮಹಾಂತೇಶ ಕೂತಿದ್ದ. ಮುಂದೆ ತಟ್ಟೆಯಲ್ಲಿ ಶೇಂಗಾ ಹೋಳಿಗೆ. ಕೆನ್ನೆ, ಮೀಸೆ ಎಲ್ಲ ತುಪ್ಪ. ಸಿದ್ದಲಿಂಗೇಶನನ್ನು ಕಂಡು ಬಹಳ ಕಷ್ಟದಿಂದ ಕೈ ಎತ್ತಿ, "ನೀರು... ಇಳೀತಿಲ್ಲ ಕಣಲೇ" ಎಂದ.

ಸಿದ್ದಲಿಂಗೇಶ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ನೀನು ಫೋನು ಎತ್ತಲಿಲ್ಲ" ಎಂದ ಮಹಾಂತೇಶ. "ಹೆದರ್ಕಂಡು ಮನೇಲೇ ಉಳಿದಿದಾನೆ, ಕೊರಳ ಪಟ್ಟಿ ಹಿಡಿದು ಎಳ್ಕಂಡು ಹೋಗಾನ ಅಂತ ಇಲ್ಲಿಗೇ ಬಂದ್ವಿ. ತಂಗಿ ಕೂರ್ರಿ ಅಂದ್ಲು, ಕೂತ್ವಿ. ಉಣ್ರಿ ಅಂದ್ಲು, ಉಂಡ್ವಿ. ನೀನು ಫೋನ್ ಮಾಡಿದಾಗ ಸ್ಪೀಕರ್ ಇತ್ತು. ನಾನು ಸಾಯ್ತಾ ಇರೋದನ್ನ ನಾನೇ ಕೇಳುಸ್ಕಂಡೆ!"

ಹೊರಗೆ ಇನ್ನೋವಾ ಬಂದು ನಿಂತಿತು. ಲೋಹಿತ ಇಳಿದ, ಹಿಂದೆಯೇ ಸರ್ವಮಂಗಳ, ಮುಖದಲ್ಲಿ ಕಾಶಿಗೆ ಹೋಗಿ ಬಂದವರ ಕಳೆ. ಇಬ್ಬರೂ ಊರ ಹತ್ತಿರದ ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿ ಬಂದಿದ್ದರು.

"ಲೇ ಸಿದ್ದ, ಇಂಥ ಜಾಗ ಇಟ್ಕಂಡು ಬೆಂಗಳೂರು ಅಂತೀಯಲ್ಲೋ! ಆ ಬಂಡೆ, ಆ ಗಾಳಿ! ಜೀವಮಾನದಾಗೆ ಇಂಥ ಟೂರು ಮಾಡಿರ್ಲಿಲ್ಲ" ಎಂದ ಲೋಹಿತ.

ಸಿದ್ದಲಿಂಗೇಶ ಹೆಂಡತಿಯ ಮುಖ ನೋಡಿದ. ಸಿಟ್ಟು ಕಾಣಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು, ಅವಳು ನಗುತ್ತಿದ್ದಳು.

"ತಪ್ಪಾಯ್ತು ಶಿಲ್ಪಾ" ಎಂದ. "ಮುಂದಿನ ತಿಂಗಳು ನಾನೇ ನಿನ್ನ ಬೆಂಗಳೂರಿಗೆ ಕರ್ಕಂಡು ಹೋಗ್ತೀನಿ. ಆಣೆಗೂ."

"ಮುಂದಿನ ತಿಂಗಳು ಯಾಕ್ರಿ? ನಾಳೆ ಬೆಳಿಗ್ಗೇನೇ ಹೊರಟೀನಲ್ಲ. ಲೋಹಿತಣ್ಣ ಕರ್ಕಂಡು ಹೋಗ್ತೀನಿ ಅಂದ್ರು. ಮಹಾಂತೇಶಣ್ಣ, ಅವ್ರ ಮನೆಯೋರು, ಮಕ್ಕಳು, ನಾನು, ಸರ್ವಮಂಗಳಕ್ಕ. ಮೆಟ್ರೋ ಹತ್ತಿ, ಸಿನಿಮಾ ನೋಡಿ, ಮಹಡಿ ಹೋಟ್ಲಾಗೆ ಊಟ ಮಾಡ್ಕಂಡು ಬರ್ತೀವಿ."

"ಮತ್ತೆ ನಾನು?"

ಎಲ್ಲರೂ ಲೋಹಿತನ ಮುಖ ನೋಡಿದರು. ಲೋಹಿತ ಕತ್ತು ಕೆರೆದುಕೊಂಡು, "ಸೀಟು ಭರ್ತಿ ಕಣಲೇ" ಎಂದ.

ಶಿಲ್ಪಾ ಅಡುಗೆಮನೆಯಿಂದ ಒಂದು ಮೊರದ ತುಂಬ ಈರುಳ್ಳಿ, ಚಾಕು ತಂದು ಗಂಡನ ಮುಂದಿಟ್ಟಳು. "ದಾರಿಗೆ ಬುತ್ತಿ ಕಟ್ಕೊಬೇಕು. ಸಣ್ಣಗೆ ಹೆಚ್ಚಿಕೊಡ್ರಿ."

ಅವನು ಜಗಲಿಯ ಮೇಲೆ ಕೂತು ಹೆಚ್ಚತೊಡಗಿದ. ಒಳಗೆ, ಕಿಟಕಿ ಪಕ್ಕ ಯಾರು ಕೂರಬೇಕೆಂದು ದೊಡ್ಡ ಚರ್ಚೆ ನಡೆದಿತ್ತು. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು, "ಏನ್ ಸಿದ್ದಣ್ಣ, ಕಣ್ಣಾಗೆ ನೀರು?" ಎಂದು ಕೇಳಿದರು.

"ಈರುಳ್ಳಿ" ಎಂದ ಸಿದ್ದಲಿಂಗೇಶ.

ಇಡೀ ದಿನದಲ್ಲಿ ಅವನು ಹೇಳಿದ ಸುಳ್ಳುಗಳಲ್ಲಿ ಎಲ್ಲರೂ ನಂಬಿದ್ದು ಅದೊಂದನ್ನೇ.